ಕುವೆಂಪು ಬೆಳೆದ ಮನೆ, ಅದನ್ನು ಕಾಯ್ದ ಕೈಗಳು

ಕುವೆಂಪು ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ನಾಡಗೀತೆ, ರಾಷ್ಟ್ರಕವಿ ಅನ್ನೋ ಬಿರುದು, ಜ್ಞಾನಪೀಠ. ಹೈಸ್ಕೂಲಿನಲ್ಲಿ ಕವಿ ಪರಿಚಯ ಅಂತ ನಾಲ್ಕು ಸಾಲು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರೆತಿದ್ದೇವೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಅವರ ಕಾದಂಬರಿಗಳನ್ನ ಕೈಗೆತ್ತಿಕೊಂಡಿದ್ದು ಇಲ್ಲಿ ಸಿವಿಲ್ ಬ್ರಾಂಚ್ ಸೇರಿದ ಮೇಲೆ. ಓದ್ತಾ ಓದ್ತಾ ಒಂದು ವಿಷಯ ಗಮನಕ್ಕೆ ಬಂತು. ಅವರ ಬರಹದಲ್ಲಿ ಕಾಡು ಎಷ್ಟು ಇದೆಯೋ ಮನೆಯೂ ಅಷ್ಟೇ ಇದೆ. ಜಗಲಿ, ಉಪ್ಪರಿಗೆ, ಬಚ್ಚಲು, ಅಟ್ಟ, ಕೊಟ್ಟಿಗೆ. ಮತ್ತೆ ಆ ಮನೆಯನ್ನ ನಿಲ್ಲಿಸಿಕೊಂಡು ಬಂದ ಜನ ಇದ್ದಾರೆ.

ಅದಕ್ಕೆ ಈ ಸಂಚಿಕೆಗೆ ಕುವೆಂಪು ಜೀವನವನ್ನ ಪ್ರಶಸ್ತಿಗಳ ಪಟ್ಟಿಯಾಗಿ ಬರೀದೆ, ಮನೆಗಳ ಮೂಲಕ ಬರೆದಿದ್ದೀನಿ. ಮಧ್ಯೆ ಮಧ್ಯೆ ಸ್ವಲ್ಪ ಸಿವಿಲ್ ಇಂಜಿನಿಯರಿಂಗ್ ಬರುತ್ತೆ, ಬೇರೆ ಬ್ರಾಂಚಿನವರು ಸಹಿಸಿಕೊಳ್ಳಬೇಕು.

ಹಿರೇಕೊಡಿಗೆಯಿಂದ ಕುಪ್ಪಳಿಗೆ

ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಆಗ ಆ ಜಿಲ್ಲೆಗೆ ಕಡೂರು ಜಿಲ್ಲೆ ಅಂತ ಹೆಸರು, ಈಗ ಚಿಕ್ಕಮಗಳೂರು. ತಂದೆ ವೆಂಕಟಪ್ಪ ಗೌಡರ ಊರು ಕುಪ್ಪಳಿ. ಅದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿಗೆ ಸೇರುತ್ತೆ, ಆದರೆ ಇರೋದು ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗೋ ದಾರಿಯಲ್ಲಿ. ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಕೊನೆಗೆ ತನ್ನದು. ಕಾವ್ಯನಾಮದಲ್ಲೂ ಊರೇ ಮೊದಲು.

ನಕ್ಷೆಯಲ್ಲಿ ಜಿಲ್ಲೆ ಬೇರೆ ಆದರೂ ಈ ಸೀಮೆ ಎಲ್ಲಾ ಒಂದೇ. ತುಂಗೆ ಶೃಂಗೇರಿ ದಾಟಿ, ಕೊಪ್ಪ ತಾಲೂಕಿನ ಹರಿಹರಪುರದ ಪಕ್ಕ ಹರಿದು ತೀರ್ಥಹಳ್ಳಿಗೆ ಬರ್ತಾಳೆ. ಆ ಕಡೆ ಭದ್ರೆ ಬಾಳೆಹೊನ್ನೂರಿನ ಮೇಲೆ ಹಾದು ನರಸಿಂಹರಾಜಪುರದ ಕಡೆ ಹೋಗ್ತಾಳೆ. ಹೆಣ್ಣು ಕೊಡೋದು ತರೋದು, ಅಡಿಕೆ ವ್ಯಾಪಾರ, ತೇರು, ಎಲ್ಲಾ ಈ ತಾಲೂಕುಗಳ ಒಳಗೇ ನಡೀತಿತ್ತು. ಮನೆ ಕಟ್ಟೋ ರೀತಿಯೂ ಹೆಚ್ಚು ಕಮ್ಮಿ ಒಂದೇ.

ಕುಪ್ಪಳಿಯದು ಮೂರು ಅಂತಸ್ತಿನ ತೊಟ್ಟಿ ಮನೆ. ನೋಡದವರಿಗೆ ಹೇಳೋದಾದರೆ, ಮನೆಯ ನಡುವೆ ಆಕಾಶಕ್ಕೆ ತೆರೆದ ಚೌಕಾಕಾರದ ಅಂಗಳ, ಸುತ್ತ ನಾಲ್ಕು ಕಡೆ ಮನೆ. ಒಳಗಿನ ಮಾಡಿನ ನೀರೆಲ್ಲಾ ಆ ತೊಟ್ಟಿಗೆ ಬೀಳುತ್ತೆ, ಅಲ್ಲಿಂದ ಕಲ್ಲಿನ ಕಾಲುವೆಯಲ್ಲಿ ಹೊರಗೆ ಹೋಗುತ್ತೆ. ಗೋಡೆ ದಪ್ಪ ಇದ್ದು ಕಿಟಕಿ ಸಣ್ಣದು ಇದ್ದರೂ ಈ ತೊಟ್ಟಿಯಿಂದ ಬೆಳಕು, ಗಾಳಿ ಎರಡೂ ಬರುತ್ತೆ. ನಮ್ಮ ಬುಕ್ಕುಗಳಲ್ಲಿ ಪ್ಯಾಸಿವ್ ವೆಂಟಿಲೇಷನ್ ಅಂತ ಏನು ಓದ್ತೀವೋ ಅದೇ ಇದು.

ಪುಟ್ಟಪ್ಪ ಬಾಲ್ಯ ಕಳೆದದ್ದು ಇಂಥ ಮನೆಯಲ್ಲಿ. ಮೊದಲ ಪಾಠವೂ ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ್ದ ಒಬ್ಬ ಮೇಷ್ಟ್ರಿಂದ. ಆಮೇಲೆ ತೀರ್ಥಹಳ್ಳಿಯ ಸ್ಕೂಲು. 12ನೇ ವಯಸ್ಸಿನಲ್ಲಿ ಅಪ್ಪ ತೀರಿಕೊಂಡರು.

ಅಂಥ ಮನೆ ನಿಲ್ಲೋದು ಹೇಗೆ

ಇಲ್ಲಿ ಸ್ವಲ್ಪ ನಿಂತು ಮಳೆಯ ಲೆಕ್ಕ ನೋಡೋಣ. ಕುಪ್ಪಳಿ ಇರೋ ತೀರ್ಥಹಳ್ಳಿ ತಾಲೂಕಿನಲ್ಲೇ ಆಗುಂಬೆಯೂ ಇದೆ. ಅಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಶೃಂಗೇರಿ, ಕೊಪ್ಪಕ್ಕೆ ಬಂದರೆ ಅದಕ್ಕಿಂತ ಕಮ್ಮಿ, ನರಸಿಂಹರಾಜಪುರಕ್ಕೆ ಇನ್ನೂ ಕಮ್ಮಿ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ ಅನ್ನೋದು ಎಲ್ಲಾ ಕಡೆ ಒಂದೇ ಕತೆ. ಇಂಥ ಮಳೆಯಲ್ಲಿ ಮಣ್ಣಿನ ಗೋಡೆ, ಮರದ ಕಂಬದ ಮನೆ ನೂರು ವರ್ಷ ನಿಲ್ಲೋದು ಹೇಗೆ ಅಂತ ನಮಗೆ ಆಶ್ಚರ್ಯ ಆಗಬೇಕು.

ಕಟ್ಟೋ ಸಾಮಾನು ಎಲ್ಲಾ ಸುತ್ತಮುತ್ತಲಿಂದಲೇ. ಮಣ್ಣನ್ನ ತುಳಿದು ಹದ ಮಾಡಿ, ಒಂದು ವರಸೆ ಇಟ್ಟು ಒಣಗಿಸಿ, ಅದರ ಮೇಲೆ ಇನ್ನೊಂದು ವರಸೆ. ಕಂಬ, ತೊಲೆ, ಜಂತಿಗೆ ಹಲಸು, ಮತ್ತಿ, ಹೊನ್ನೆ, ಬೀಟೆ ಥರದ ಮರಗಳು. ಮಾಡಿಗೆ ಮೊದಲು ಹುಲ್ಲು ಅಥವಾ ಅಡಿಕೆ ಸೋಗೆ, ಅನುಕೂಲ ಇದ್ದವರಿಗೆ ಕುಂಬಾರರು ಮಾಡಿದ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ನಿಧಾನವಾಗಿ ಘಟ್ಟ ಹತ್ತಿ ಬಂತು.

ಒಣಗಿದ ಮಣ್ಣಿನ ಗೋಡೆ ಭಾರ ಚೆನ್ನಾಗಿಯೇ ಹೊರುತ್ತೆ. ಒದ್ದೆ ಆದರೆ ಜೇಡಿ ಮೆತ್ತಗಾಗಿ ಶಕ್ತಿ ಕಳೆದುಕೊಳ್ಳುತ್ತೆ. ಮರವೂ ಹಾಗೇ. ಅದರೊಳಗಿನ ತೇವ ಶೇಕಡ 20ಕ್ಕಿಂತ ಕೆಳಗೆ ಇದ್ದರೆ ಶಿಲೀಂಧ್ರ ಹಿಡಿಯಲ್ಲ, ಮೇಲೆ ಹೋದರೆ ಲಡ್ಡಾಗೋಕೆ ಶುರು. ಅಂದರೆ ಇಡೀ ಮನೆಯ ಆಯಸ್ಸು ನೀರು ಒಳಗೆ ಬರದಂತೆ ನೋಡಿಕೊಳ್ಳೋದರ ಮೇಲೆ ನಿಂತಿದೆ. ಮಂಗಳೂರು ಹೆಂಚಿಗೆ ಸಾಮಾನ್ಯವಾಗಿ ಮೊಳೆ ಹೊಡೆಯಲ್ಲ, ರೀಪಿನ ಮೇಲೆ ಕೊಕ್ಕೆ ಹಾಕಿಕೊಂಡು ಕೂರುತ್ತೆ. 100 ಚದರ ಅಡಿಗೆ ಸುಮಾರು 150 ಹೆಂಚು. ಮಂಗ ಓಡಾಡಿ ಅದರಲ್ಲಿ ಒಂದು ಜರುಗಿತು ಅಂದುಕೊಳ್ಳಿ. ಆ ಸಂದಿಯಿಂದ ಬಂದ ನೀರು ರೀಪಿಗೆ, ರೀಪಿನಿಂದ ಪಕಾಸಿಗೆ, ಪಕಾಸಿಯಿಂದ ಗೋಡೆ ತಲೆಗೆ. ಮೂರು ಮಳೆಗಾಲ ಯಾರೂ ನೋಡದಿದ್ದರೆ ಆ ಮೂಲೆ ಕುಸಿಯುತ್ತೆ. ಕಾರಣ ಹುಡುಕಿದರೆ ಸಿಗೋದು ಒಂದೇ ಒಂದು ಹೆಂಚು.

ಅದಕ್ಕೇ ಈ ಸೀಮೆಯಲ್ಲಿ ಪ್ರತಿ ಬೇಸಿಗೆ ಹೆಂಚು ಕೈಯಾಡಿಸೋ ಪದ್ಧತಿ. ಮಾಡಿನ ಹೆಂಚನ್ನೆಲ್ಲಾ ಸಾಲಾಗಿ ಎತ್ತಿ, ಪಾಚಿ ಒರೆಸಿ, ಒಡೆದದ್ದು ತೆಗೆದು, ರೀಪು ನೋಡಿ, ಮತ್ತೆ ಕೂರಿಸೋದು. ಜೊತೆಗೆ ಮಳೆ ಹೊಡೆಯೋ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟೋದು, ಗೋಡೆ ಬುಡದ ಚರಂಡಿ ಬಿಡಿಸೋದು. ಮಳೆ ನಿಂತ ಮೇಲೆ ಬಿರುಕಿಗೆ ಮಣ್ಣು ಮೆತ್ತೋದು, ನೆಲಕ್ಕೆ ಸಗಣಿ ಸಾರಿಸೋದು, ಗೋಡೆಗೆ ಸುಣ್ಣ. ಒಲೆಯ ಹೊಗೆ ದಿನಾ ಅಟ್ಟದ ಮೂಲಕ ಹೆಂಚಿನ ಸಂದಿಯಿಂದ ಹೊರಗೆ ಹೋಗ್ತಿತ್ತು. ಮರ ಕಪ್ಪಾಗ್ತಿತ್ತು, ಆದರೆ ಒಣಗಿರ್ತಿತ್ತು, ಹುಳ ಹತ್ತಿರ ಬರ್ತಿರಲಿಲ್ಲ.

ಮಳೆಗೆ ಇನ್ನೊಂದು ಉತ್ತರವೂ ಇತ್ತು. ಶೃಂಗೇರಿಗೆ ಹೋದವರು ವಿದ್ಯಾಶಂಕರ ದೇವಾಲಯ ನೋಡಿರ್ತೀರ. 14ನೇ ಶತಮಾನದ್ದು, ಪೂರ್ತಿ ಕಲ್ಲು. ಅದರ ಪಕ್ಕದ ಶಾರದಾಂಬೆಯ ಗುಡಿ ಮಾತ್ರ ಬಹುಕಾಲ ಮರ ಮತ್ತು ಹೆಂಚಿನದೇ ಆಗಿತ್ತು. ಈಗಿರೋ ಕಲ್ಲಿನ ಗುಡಿಗೆ ಕುಂಭಾಭಿಷೇಕ ಆಗಿದ್ದು 1916ರಲ್ಲಿ, ಅಂದರೆ ಪುಟ್ಟಪ್ಪ ಇನ್ನೂ ಹುಡುಗನಾಗಿದ್ದಾಗ. ಮಠಕ್ಕೆ ಕಲ್ಲು ಸಾಧ್ಯ ಆಯಿತು. ಮನೆಗಳಿಗೆ ಆ ದಾರಿ ಇರಲಿಲ್ಲ. ಅವು ವರ್ಷ ವರ್ಷ ಕೈಯಾಡಿಸಿಕೊಂಡೇ ಬದುಕಬೇಕಿತ್ತು.

ಮೈಸೂರಿನಲ್ಲಿ ಬಾಡಿಗೆ ಬದುಕು

ತೀರ್ಥಹಳ್ಳಿ ಮುಗಿಸಿ ಪುಟ್ಟಪ್ಪ ಮೈಸೂರಿಗೆ ಬಂದರು. ವೆಸ್ಲಿಯನ್ ಹೈಸ್ಕೂಲು, ಆಮೇಲೆ ಮಹಾರಾಜಾ ಕಾಲೇಜು. ನಮ್ಮಂಥ ಇಂಗ್ಲಿಷ್ ಮೀಡಿಯಂ ಜನಕ್ಕೆ ಇಷ್ಟ ಆಗೋ ವಿಷಯ ಇಲ್ಲಿದೆ. ಅವರು ಮೊದಲು ಕವಿತೆ ಬರೆದಿದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಬಿಗಿನರ್ಸ್ ಮ್ಯೂಸ್ ಅನ್ನೋ ಪುಟ್ಟ ಪುಸ್ತಕವೂ ಬಂತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನ ನೋಡಿ, ನಿನ್ನ ಭಾಷೆಯಲ್ಲಿ ಬರೆಯಬಾರದಾ ಅನ್ನೋ ಅರ್ಥದ ಬುದ್ಧಿ ಹೇಳಿದರು. ಹುಡುಗನಿಗೆ ಮೊದಲು ಬೇಜಾರಾಯಿತು, ಆಮೇಲೆ ಕನ್ನಡದಲ್ಲಿ ಬರೆದು ನೋಡಿದ. ಮುಂದಿನದು ನಮಗೆಲ್ಲಾ ಗೊತ್ತು.

ಆ ವರ್ಷಗಳಲ್ಲಿ ಅವರಿಗೆ ಸ್ವಂತ ಮನೆ ಅಂತ ಇರಲಿಲ್ಲ. ಬಾಡಿಗೆ ರೂಮು, ಆಮೇಲೆ ಸುಮಾರು 10 ವರ್ಷ ಮೈಸೂರಿನ ರಾಮಕೃಷ್ಣ ಆಶ್ರಮ. 1929ರಲ್ಲಿ ಎಂಎ ಮುಗಿಸಿ ಮಹಾರಾಜಾ ಕಾಲೇಜಿನಲ್ಲೇ ಕನ್ನಡ ಅಧ್ಯಾಪಕರಾದರು. ಮನೆಯಿಂದ ದೂರ ಇದ್ದ ಈ ಕಾಲದಲ್ಲೇ ಮನೆ ಬಗ್ಗೆ ಅತಿ ಹೆಚ್ಚು ಬರೆದದ್ದು. 1933ರಲ್ಲಿ ಮಲೆನಾಡಿನ ಚಿತ್ರಗಳು, 1936ರಲ್ಲಿ ಕಾನೂರು ಹೆಗ್ಗಡಿತಿ. ಹಾಸ್ಟೆಲಿನಲ್ಲಿ ಇರೋರಿಗೆ ಇದು ಅರ್ಥ ಆಗುತ್ತೆ. ಮನೇಲಿ ಇದ್ದಾಗ ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಯಾರೂ ಯೋಚನೆ ಮಾಡಲ್ಲ, ಇಲ್ಲಿಗೆ ಬಂದ ಮೇಲೆ ಒಂದೊಂದು ಮೂಲೆಯೂ ಕಣ್ಣ ಮುಂದೆ ಬರುತ್ತೆ.

ಆದರೆ ಕುವೆಂಪು ಬರೆದಿದ್ದು ಹಳೇ ಮನೆಯನ್ನ ಹೊಗಳೋಕೆ ಮಾತ್ರ ಅಲ್ಲ. ಕಾನೂರು ಹೆಗ್ಗಡಿತಿಯಲ್ಲಿ ಒಂದು ದೊಡ್ಡ ಮನೆ ಒಳಗಿನಿಂದಲೇ ಹಾಳಾಗುತ್ತೆ. ಚಂದ್ರಯ್ಯಗೌಡರ ಯಜಮಾನಿಕೆ, ಅನುಮಾನ, ಜಗಳ, ಕೊನೆಗೆ ಪಾಲು. ಓದಿಕೊಂಡ ಹೂವಯ್ಯ ತಾಯಿ ಜೊತೆ ಆ ಮನೆ ಬಿಟ್ಟು ಹೊರಡ್ತಾನೆ. ಕಟ್ಟಡ ಗಟ್ಟಿ ಇದ್ದರೆ ಸಾಲದು, ಒಳಗಿನ ನಡವಳಿಕೆ ಕೊಳೆತರೆ ಮನೆ ಉಳಿಯಲ್ಲ ಅನ್ನೋದು ಆ ಕಾದಂಬರಿಯ ಒಂದು ಮುಖ್ಯ ಮಾತು.

ಜಲಗಾರ

ಕಾದಂಬರಿಗೂ ಮೊದಲು, 1928ರಲ್ಲಿ, ಅವರು ಜಲಗಾರ ಅಂತ ಒಂದು ಸಣ್ಣ ನಾಟಕ ಬರೆದಿದ್ದರು. ಆಗ ಅವರಿನ್ನೂ ವಿದ್ಯಾರ್ಥಿ, ವಯಸ್ಸು ನಮಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೀದಿ ಗುಡಿಸೋ ಒಬ್ಬ ಜಲಗಾರ ದೇವಸ್ಥಾನಕ್ಕೆ ಹೋಗಲ್ಲ, ತನ್ನ ಕೆಲಸ ಮಾಡ್ತಿರ್ತಾನೆ. ಶಿವ ಅವನ ಹತ್ತಿರವೇ ಬರ್ತಾನೆ, ಬರೋದೂ ಜಲಗಾರನ ವೇಷದಲ್ಲೇ. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ.

ನಾನು ಈ ನಾಟಕವನ್ನ ಮನೆಯ ಜೊತೆ ಸೇರಿಸಿ ಓದಿದೆ. ನಾವು ಇಂಜಿನಿಯರಿಂಗಿನಲ್ಲಿ ಕಲಿಯೋದು ಹೆಚ್ಚಾಗಿ ಹೊಸದು ಕಟ್ಟೋದನ್ನ. ಡಿಸೈನ್, ಎಸ್ಟಿಮೇಟ್, ಕನ್‌ಸ್ಟ್ರಕ್ಷನ್. ಮೇಂಟೆನೆನ್ಸ್ ಅಂದರೆ ಕೊನೆಯ ಮಾಡ್ಯೂಲಿನ ಕೊನೆಯ ಟಾಪಿಕ್, ಪರೀಕ್ಷೆಗೆ ಬಂದರೂ ಆಯ್ತು ಬರದಿದ್ದರೂ ಆಯ್ತು. ಗುಡಿಸೋದು, ಒರೆಸೋದು, ಕಟ್ಟಿದ ಚರಂಡಿ ಬಿಡಿಸೋದು, ಹೆಂಚು ತಿರುಗಿಸೋದು, ಇದನ್ನೆಲ್ಲಾ ಯಾರೋ ಬೇರೆಯವರು ಮಾಡ್ತಾರೆ ಅಂತಲೇ ನಾವು ಬೆಳೆದಿದ್ದೇವೆ. 1928ರ ಆ ಹುಡುಗ ಅಂಥ ಕೆಲಸವನ್ನ ನಾಟಕದ ನಡುವೆ ತಂದು ನಿಲ್ಲಿಸಿದ.

ಮಲೆನಾಡಿನ ದೊಡ್ಡ ಮನೆಗಳಲ್ಲಿ ಆ ಯಾರೋ ಬೇರೆಯವರು ಯಾರು? ಇದಕ್ಕೆ ಉತ್ತರ ಬೇಕಿದ್ದರೆ 1967ರಲ್ಲಿ ಬಂದ ಮಲೆಗಳಲ್ಲಿ ಮದುಮಗಳು ಓದಬೇಕು. ಆ ದೊಡ್ಡ ಕಾದಂಬರಿ ಶುರುವಾಗೋದು ಯಾವ ಹೆಗ್ಗಡೆಯಿಂದಲೂ ಅಲ್ಲ, ಗುತ್ತಿಯಿಂದ. ಅವನು ಸಿಂಬಾವಿ ಮನೆಯ ಜೀತದಾಳು, ಜೊತೆಗೆ ಹುಲಿಯ ಅನ್ನೋ ನಾಯಿ. ಘಟ್ಟದ ಕೆಳಗಿನಿಂದ ದುಡಿಯೋಕೆ ಬಂದ ಐತ, ಪೀಂಚಲು ಇದ್ದಾರೆ. ಹೆಗ್ಗಡೆ ಮನೆಗಳಲ್ಲಿ ಸೌದೆ ತರೋರು, ಮಣ್ಣು ತುಳಿಯೋರು, ಗದ್ದೆ ಮಾಡೋರು ಇಂಥವರೇ. ಅವರಲ್ಲಿ ಎಷ್ಟೋ ಜನಕ್ಕೆ ತಾವು ಗಟ್ಟಿ ಮಾಡಿದ ಮನೆಯ ಒಳಗೆ ಪ್ರವೇಶ ಇರಲಿಲ್ಲ, ಅಂಗಳದಲ್ಲೇ ನಿಲ್ಲಬೇಕಿತ್ತು. ಕುವೆಂಪು ಜಮೀನು ಇದ್ದ ಮನೆತನದಲ್ಲೇ ಹುಟ್ಟಿದವರು. ಆದರೂ ಕಾದಂಬರಿಯಲ್ಲಿ ಕ್ಯಾಮೆರಾ ಇಟ್ಟಿದ್ದು ಉಪ್ಪರಿಗೆಯ ಮೇಲಲ್ಲ, ಗುತ್ತಿಯ ಹಿಂದೆ.

ಕೈಗಳು ಹೋದ ಮೇಲೆ

ಕರ್ನಾಟಕದಲ್ಲಿ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಉಳುವವನಿಗೆ ಭೂಮಿ ಹೋಯಿತು. 1976ರಲ್ಲಿ ಜೀತ ಪದ್ಧತಿ ರದ್ದಾಯಿತು. ಇದು ಆಗಲೇಬೇಕಿದ್ದ ಕೆಲಸ, ತಡವಾಗಿಯಾದರೂ ಆಯಿತು. ಇದರ ಒಂದು ಪರಿಣಾಮ ದೊಡ್ಡ ಮನೆಗಳ ಮಾಡಿನ ಮೇಲೂ ಕಾಣಿಸಿತು. ಪುಕ್ಕಟೆ ಅಥವಾ ಅರ್ಧ ಕೂಲಿಗೆ ಮಾಡು ಹತ್ತೋರು ಇಲ್ಲದಾಯಿತು. ಅದೇ ಹೊತ್ತಿಗೆ ಮನೆ ಮಕ್ಕಳು ಓದಿ ಶಿವಮೊಗ್ಗ, ಬೆಂಗಳೂರು ಸೇರಿದರು. ಗ್ಯಾಸ್ ಬಂತು, ಹೊಗೆ ನಿಂತಿತು, ಅಟ್ಟದಲ್ಲಿ ಹುಳ ಬಂತು. ಹಳೇ ಮನೆ ಸೋರೋಕೆ ಶುರುವಾದರೆ ಮನೆ ಹಳೇದಾಯ್ತು ಅಂತೀವಿ. ಆದರೆ ಮನೆ ಯಾವಾಗಲೂ ಹಳೇದೇ ಆಗಿತ್ತು, ಕೈಯಾಡಿಸೋರು ಇದ್ದರು ಅಷ್ಟೇ. ನಮ್ಮ ಹಿರಿಯರು ಗಟ್ಟಿಯಾಗಿ ಕಟ್ಟಿದ್ದರು ಅಂತ ಹೆಮ್ಮೆ ಪಡೋವಾಗ ಆ ಗಟ್ಟಿತನದಲ್ಲಿ ಯಾರ ಯಾರ ಬೇಸಿಗೆಗಳು ಸೇರಿವೆ ಅಂತಲೂ ನೋಡಬೇಕು.

ಹಾಗಾದರೆ ಈಗ ಹಳೇ ಮನೆ ಇಟ್ಟುಕೊಳ್ಳಬೇಕು ಅನ್ನೋರಿಗೆ ಇರೋ ನ್ಯಾಯವಾದ ದಾರಿ ಒಂದೇ. ಸರಿಯಾದ ಕೂಲಿ ಕೊಡಬೇಕು, ಮತ್ತೆ ತಾವೂ ಕಲಿಯಬೇಕು.

ನಮ್ಮ ಅಜ್ಜನ ಮನೆ ನರಸಿಂಹರಾಜಪುರ ತಾಲೂಕಿನಲ್ಲಿದೆ. ಕುಪ್ಪಳಿಯಷ್ಟು ದೊಡ್ಡದಲ್ಲ, ಸಣ್ಣ ಹೆಂಚಿನ ಮನೆ. ಎರಡು ವರ್ಷದಿಂದ ಮನೇಲಿ ಒಂದೇ ಚರ್ಚೆ, ಕೆಡವಿ ಆರ್‌ಸಿಸಿ ಹಾಕೋದಾ, ರಿಪೇರಿ ಮಾಡಿಸೋದಾ. ಇನ್ನೂ ತೀರ್ಮಾನ ಆಗಿಲ್ಲ. ಈ ಬೇಸಿಗೆಯಲ್ಲಿ ಊರಿನ ಒಬ್ಬರು ಹಿರಿಯ ಕೆಲಸಗಾರರ ಜೊತೆ ನಾಲ್ಕು ದಿನ ನಾನೂ ಮಾಡು ಹತ್ತಿದೆ. ಅವರಿಂದ ಕಲಿತಿದ್ದನ್ನ ಇಲ್ಲಿ ಬರೀತೀನಿ, ಯಾಕಂದ್ರೆ ಇದು ನಮ್ಮ ಸಿಲಬಸ್ಸಿನಲ್ಲಿ ಇಲ್ಲ.

ಮೊದಲನೇದು, ನೆಲದ ಮೇಲೆ ಹನಿ ಬೀಳೋ ಜಾಗದ ಮೇಲೇ ತೂತು ಇರುತ್ತೆ ಅಂತ ಅಂದುಕೊಳ್ಳಬಾರದು. ನೀರು ಪಕಾಸಿಯ ಮೇಲೆ ಜಾರಿ ಎಲ್ಲೋ ಕೆಳಗೆ ಬಂದು ತೊಟ್ಟಿಕ್ಕುತ್ತೆ. ಹಗಲು ಹೊತ್ತು ಅಟ್ಟದಲ್ಲಿ ಕತ್ತಲು ಮಾಡಿ ಕೂತರೆ ಬೆಳಕಿನ ಚುಕ್ಕೆ ಕಾಣುತ್ತೆ, ಅಲ್ಲಿಂದ ಹುಡುಕಬೇಕು. ಎರಡನೇದು, ಹೆಂಚಿನ ನಡುವೆ ಕಾಲಿಡಬಾರದು, ಕೆಳಗೆ ರೀಪು ಇರೋ ಗೆರೆಯ ಮೇಲೆ ಭಾರ ಹಾಕಬೇಕು, ಇಲ್ಲ ಹಲಗೆ ಹಾಸಿಕೊಳ್ಳಬೇಕು. ಮೂರನೇದು, ಪಕಾಸಿಯ ತುದಿ ಲಡ್ಡಾಗಿದ್ದರೆ ಇಡೀ ಮರ ಬದಲಾಯಿಸಬೇಕಿಲ್ಲ. ಕೆಟ್ಟ ಭಾಗ ಕೊಯ್ದು, ಎರಡೂ ತುಂಡನ್ನ ಅರ್ಧರ್ಧ ಸೀಳಿ ಒಂದರ ಮೇಲೊಂದು ಕೂರಿಸಿ ಬಿಗಿದರೆ ಆಗುತ್ತೆ. ನಾವು ವರ್ಕ್‌ಶಾಪ್ ಲ್ಯಾಬಿನಲ್ಲಿ ಮಾಡೋ ಹಾಫ್ ಲ್ಯಾಪ್ ಜಾಯಿಂಟ್ ಇದೇ. ಆ ಲ್ಯಾಬ್ ಯಾಕಿದೆ ಅಂತ ನನಗೆ ಗೊತ್ತಾಗಿದ್ದು ಅವತ್ತು.

ನಾಲ್ಕನೇದು ತುಂಬಾ ಮುಖ್ಯ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬಾರದು. ನೋಡೋಕೆ ಗಟ್ಟಿ ಕಾಣುತ್ತೆ. ಆದರೆ ಮಣ್ಣಿನ ಗೋಡೆ ತೇವ ಹೀರಿ ಮತ್ತೆ ಗಾಳಿಗೆ ಬಿಡ್ತಾ ಇರುತ್ತೆ, ಸಿಮೆಂಟ್ ಆ ದಾರಿ ಮುಚ್ಚುತ್ತೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತೆ, ಕೆಲವು ವರ್ಷಕ್ಕೆ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಕಳಚುತ್ತೆ, ಜೊತೆಗೆ ಗೋಡೆಯನ್ನೂ ಕಿತ್ತುಕೊಂಡು ಬರುತ್ತೆ. ಬಿರುಕಿಗೆ ಹಳೇ ಗೋಡೆಯನ್ನ ಒದ್ದೆ ಮಾಡಿಕೊಂಡು ಅದೇ ಥರದ ಮಣ್ಣು ಹಾಕಬೇಕು, ಮೇಲೆ ಸುಣ್ಣ. ಐದನೇದು, ಗೋಡೆ ಬುಡ. ವರ್ಷ ವರ್ಷ ಅಂಗಳದ ಮಣ್ಣು ಏರುತ್ತಾ ಬಂದು ಕಲ್ಲಿನ ತಳಪಾಯ ಮುಚ್ಚಿಬಿಟ್ಟಿರುತ್ತೆ. ಆ ಮಣ್ಣು ತೆಗೆದು ಚರಂಡಿಗೆ ಇಳಿಜಾರು ಕೊಟ್ಟರೆ ಅರ್ಧ ಸಮಸ್ಯೆ ಹೋಗುತ್ತೆ. ಇದಕ್ಕೆ ಬೇಕಾಗಿದ್ದು ಒಂದು ಗುದ್ದಲಿ, ಒಂದು ಬುಟ್ಟಿ.

ಉದಯರವಿ, ಅನಿಕೇತನ

ಮತ್ತೆ ಕುವೆಂಪು ಕಡೆ ಬರೋಣ. 1937ರಲ್ಲಿ ಹೇಮಾವತಿಯವರ ಜೊತೆ ಮದುವೆ ಆಯಿತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮನೆ, ಹೆಸರು ಉದಯರವಿ. 1938ರಲ್ಲಿ ಹುಟ್ಟಿದ ಮಗ ಪೂರ್ಣಚಂದ್ರ ತೇಜಸ್ವಿ ನಮಗೆಲ್ಲಾ ಫೇವರಿಟ್. ಕುವೆಂಪು ಕೆಲವು ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು, 1946ರಲ್ಲಿ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ವಾಪಸ್ ಬಂದರು. 1949ರಲ್ಲಿ ಶ್ರೀ ರಾಮಾಯಣ ದರ್ಶನಂ ಹೊರಬಂತು. 1955ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ 1967ನೇ ಸಾಲಿನ ಜ್ಞಾನಪೀಠ. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು.

1956ರಿಂದ 1960ರ ತನಕ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಮಾನಸಗಂಗೋತ್ರಿ ಕ್ಯಾಂಪಸ್ ಕಟ್ಟಿದ್ದು, ಅದಕ್ಕೆ ಆ ಹೆಸರು ಇಟ್ಟಿದ್ದು ಅವರ ಕಾಲದಲ್ಲೇ. ವಿಜ್ಞಾನವೂ ಕನ್ನಡದಲ್ಲಿ ಕಲಿಯೋಕೆ ಸಿಗಬೇಕು ಅಂತ ಅವರು ಹಠ ಹಿಡಿದು ಕೆಲಸ ಮಾಡಿದರು. ಪಕಾಸಿ, ರೀಪು, ಜಂತಿ ಅನ್ನೋ ಪದಗಳನ್ನ ಮಾಡಿನ ಮೇಲೆ ಕೂತು ಮೊದಲ ಸಲ ಕಲಿತ ನನ್ನಂಥವರಿಗೆ ಆ ಹಠದ ಬೆಲೆ ಗೊತ್ತಾಗುತ್ತೆ.

ಅವರ ಅತಿ ಪ್ರಸಿದ್ಧ ಕವಿತೆಗಳಲ್ಲಿ ಒಂದರ ಹೆಸರು ಅನಿಕೇತನ. ನಿಕೇತನ ಅಂದರೆ ಮನೆ, ಅನಿಕೇತನ ಅಂದರೆ ಮನೆ ಇಲ್ಲದವನು, ಮನೆಗೆ ಕಟ್ಟಿಬೀಳದವನು. ಮನೆಯನ್ನ ಇಷ್ಟು ಪ್ರೀತಿಯಿಂದ ಬರೆದ ಮನುಷ್ಯನೇ ಇದನ್ನೂ ಬರೆದಿದ್ದು ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಕಾದಂಬರಿ ಓದಿದ ಮೇಲೆ ಅಷ್ಟು ವಿಚಿತ್ರ ಅನ್ನಿಸಲ್ಲ. ಅವರು ಬಿಡು ಅಂದಿದ್ದು ಹೆಂಚು, ಕಂಬ, ತೊಟ್ಟಿಯನ್ನಲ್ಲ. ಆ ಮನೆಯ ಹೊಸಿಲಲ್ಲಿ ಜಾತಿ ನೋಡಿ ಒಬ್ಬನನ್ನ ಒಳಗೆ, ಇನ್ನೊಬ್ಬನನ್ನ ಅಂಗಳದಲ್ಲಿ ನಿಲ್ಲಿಸ್ತಿತ್ತಲ್ಲ, ಅದನ್ನ. ಮದುವೆಯ ಆಡಂಬರ, ಪುರೋಹಿತಶಾಹಿಯ ಬದಲು ಸರಳವಾದ ಮಂತ್ರ ಮಾಂಗಲ್ಯ ಕೊಟ್ಟಿದ್ದೂ ಇದೇ ಕಾರಣಕ್ಕೆ. ಹಳೇ ಮನೆ ರಿಪೇರಿ ಮಾಡೋನು ಪ್ರತಿ ಮರವನ್ನೂ ತಟ್ಟಿ ನೋಡ್ತಾನೆ, ಗಟ್ಟಿ ಸದ್ದು ಬಂದರೆ ಇರಲಿ, ಟೊಳ್ಳು ಸದ್ದು ಬಂದರೆ ತೆಗಿ. ಕುವೆಂಪು ತಮ್ಮ ಮನೆತನದ ಬದುಕನ್ನ ಹಾಗೇ ತಟ್ಟಿ ನೋಡಿದರು ಅಂತ ನನಗನ್ನಿಸುತ್ತೆ.

ವಾಪಸ್ ಕುಪ್ಪಳಿಗೆ

ಕುವೆಂಪು 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಕುಪ್ಪಳಿ ಮನೆಯ ಹಿಂದಿನ ಗುಡ್ಡ, ಅವರೇ ಕವಿಶೈಲ ಅಂತ ಕರೆದ ಬಂಡೆಯ ಜಾಗದಲ್ಲಿ. ಅಲ್ಲಿ ಈಗ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ದೊಡ್ಡ ದೊಡ್ಡ ಕಲ್ಲಿನ ಕಂಬಗಳಿವೆ. ಹಳೇ ಮನೆಯನ್ನ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿಸಿ ಕವಿಮನೆ ಅನ್ನೋ ಮ್ಯೂಸಿಯಂ ಮಾಡಿದೆ. ಅಡುಗೆಮನೆ, ಬಾಣಂತಿ ಕೋಣೆ, ಹಳೇ ಪಾತ್ರೆ, ಅವರ ಪುಸ್ತಕ, ಬಟ್ಟೆ ಎಲ್ಲಾ ಇಟ್ಟಿದ್ದಾರೆ. ಹಿಂದೆ ಅಂಗಳದಲ್ಲೇ ನಿಲ್ಲಬೇಕಿದ್ದ ಜನರ ಮಕ್ಕಳು, ಮೊಮ್ಮಕ್ಕಳು ಈಗ ಟಿಕೆಟ್ ತಗೊಂಡು ಜಗಲಿ ದಾಟಿ ಉಪ್ಪರಿಗೆ ತನಕ ಹತ್ತಿ ಬರ್ತಾರೆ. ಆ ಮನೆಗೆ ಆದ ರಿಪೇರಿಗಳಲ್ಲಿ ದೊಡ್ಡದು ಇದೇ ಇರಬೇಕು.

ರಜೆಯಲ್ಲಿ ಕೊಪ್ಪ, ಶೃಂಗೇರಿ ಕಡೆ ಟ್ರಿಪ್ ಹೋಗೋರು ಕುಪ್ಪಳಿಗೂ ಹೋಗಿ ಬನ್ನಿ. ಕವಿಶೈಲದಲ್ಲಿ ಸೆಲ್ಫಿ ಖಂಡಿತ ತಗೊಳ್ಳಿ. ಮನೆ ಒಳಗೆ ಹೋದಾಗ ಮಾತ್ರ ಒಂದು ನಿಮಿಷ ತಲೆ ಎತ್ತಿ ಮಾಡು ನೋಡಿ. ಪಕಾಸಿ ಎಷ್ಟು ಅಡಿಗೊಂದು ಇದೆ, ತೊಲೆ ಕಂಬದ ಮೇಲೆ ಹೇಗೆ ಕೂತಿದೆ, ತೊಟ್ಟಿಯ ನೀರು ಯಾವ ಕಡೆ ಹೊರಗೆ ಹೋಗುತ್ತೆ. ನಿಮ್ಮ ಊರಿನಲ್ಲೂ ಹೆಂಚಿನ ಮನೆ ಇದ್ದರೆ ಮಾರ್ಚ್, ಏಪ್ರಿಲ್ ಒಳಗೆ ಒಂದು ಸಲ ಅಟ್ಟ ಹತ್ತಿ ನೋಡಿ, ಕೈಯಾಡಿಸೋಕೆ ಬರೋರ ಜೊತೆ ನಿಂತು ಕೇಳಿ ಕಲಿಯಿರಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಆ ಕೆಲಸ ಗೊತ್ತಿರೋರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಮಾತ್ರ ಉಳಿದಿದ್ದಾರೆ, ಅವರಿಗೂ ವಯಸ್ಸಾಗ್ತಾ ಇದೆ. ನ್ಯಾಕ್, ಪ್ಲೇಸ್‌ಮೆಂಟ್ ಯಾವುದಕ್ಕೂ ಈ ಕಲಿಕೆ ಲೆಕ್ಕಕ್ಕೆ ಬರಲ್ಲ. ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಂದ ರಾತ್ರಿ ಮಾತ್ರ ಲೆಕ್ಕಕ್ಕೆ ಬರುತ್ತೆ.